ಕಾಟವ್ವ ಕಟ್ಟಿದ ಗುರಿ

ಒಂದಾನೊಂದು ಕಾಲ ಇತ್ತಂತೆ. ಆ ಕಾಲದಲ್ಲಿ, ಗಂಡ ಬಾಣ ಬಿಡುವ ಗುರಿ ಒಡೆದುಹೋದರೆ ಅದನ್ನು ಕಟ್ಟಿದ ಹೆಂಡತಿಯ ಮನಸ್ಸು ಗಂಡನ ಮೇಲಿಲ್ಲ ಅಂತ ಎಲ್ಲರೂ ನಂಬಿದ್ದರಂತೆ.

ನಗಬೇಡ ಪುಟ್ಟಿ. ಎಲ್ಲರೂ ಅಂದರೆ ಎಲ್ಲರೂ. ಪಂಚಾಂಗ ಓದುವ ಜೋಯಿಸರೂ ನಂಬಿದ್ದರು, ದನ ಕಾಯುವವರೂ ನಂಬಿದ್ದರು. ಗುರಿ ಒಡೆಸಿಕೊಂಡ ಹೆಂಗಸರು ಕೂಡ ನನ್ನ ಮನಸ್ಸು ಯಾವಾಗ ಎಲ್ಲಿ ಹೋಗಿತ್ತಪ್ಪಾ ಅಂತ ಕೂತು ಹುಡುಕುತ್ತಿದ್ದರಂತೆ. ಹೊದಿಕೆ ಎಳ್ಕೋ, ಹೇಳ್ತೀನಿ.

ಮುತ್ತಿಗೆಗುಡ್ಡ ಅಂತ ಒಂದು ಪಾಳೆಯಪಟ್ಟು. ಅದಕ್ಕೆ ಗಾದಿನಾಯಕ ಅಂತ ಒಬ್ಬ ಪಾಳೆಗಾರ. ಅವನಿಗೆ ಮೂರು ಜನ ಗಂಡುಮಕ್ಕಳು, ಮೂವರೂ ಬಿಲ್ಲು ಹಿಡಿದರೆ ತಪ್ಪುವವರಲ್ಲ ಅಂತ ಸೀಮೆಗೆಲ್ಲ ಹೆಸರು. ಹೆಸರು ಹೇಗೆ ಬಂತು ಅಂತ ಕೇಳಬೇಡ, ಮನೆಯಲ್ಲಿ ಒಬ್ಬ ಹೊಗಳುಭಟ ಇದ್ದ. ಮಾರ್ನವಮಿ ಮುಗಿದ ಮಾರನೇ ದಿನ ಆ ಮನೆಯ ಗಂಡಸರು ಕಾಡುಹಂದಿ ಬೇಟೆಗೆ ಹೋಗಬೇಕು. ಹಂದಿಗೆ ಮುಳ್ಳಿನಂಥ ಮೊನೆಯ ಬಾಣ ಸಾಲದು, ಅರಳಿ ಎಲೆಯಷ್ಟು ಅಗಲದ, ಎರಡೂ ಕಡೆ ಮಸೆದ ಅಲಗಿನ ಬಾಣ ಬೇಕು. ಅಲಗಿನ ಬಾಣ ಗಾಳಿ ಹಿಡಿಯುತ್ತೆ, ಮುಳ್ಳಿನ ಬಾಣದ ಹಾಗೆ ಹೇಳಿದ ಕಡೆ ಹೋಗಲ್ಲ, ಆದ್ದರಿಂದ ಅಭ್ಯಾಸವನ್ನೂ ಅದರಲ್ಲೇ ಮಾಡಬೇಕು. ಆದರೆ ಅದು ತಾಗಿದ್ದನ್ನೆಲ್ಲ ಸೀಳುತ್ತೆ. ಗುರಿ ಬಾಳುವುದಿಲ್ಲ. ತೊಂದರೆ ಇಷ್ಟೇ. ಇಷ್ಟಕ್ಕೆ ಅವರು ಒಂದು ಪದ್ಧತಿಯನ್ನೇ ಕಟ್ಟಿಟ್ಟಿದ್ದರಂತೆ.

ಪದ್ಧತಿ ಏನು ಅಂದರೆ, ಗೌರಿಹಬ್ಬದ ದಿನ ಹೊಸ ಸೊಸೆ ಉಪವಾಸವಿದ್ದು ತನ್ನ ಗಂಡನ ಗುರಿಯನ್ನು ತಾನೇ ಕಟ್ಟಬೇಕು, ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಅದರ ನಡುವೆ ಒಂದು ಬೊಟ್ಟು ಇಡಬೇಕು. ಮಾರ್ನವಮಿವರೆಗೆ ಗುರಿ ನಿಂತರೆ ಅವಳು ಪತಿವ್ರತೆ. ಒಡೆದರೆ ತವರಿಗೆ ಕಳಿಸುವುದು. ಮಡಿಲಕ್ಕಿ ತುಂಬಿ ಅಲ್ಲ, ಮಡಿಲಿಗೆ ಒಡೆದ ಗುರಿಯ ಒಂದು ಚೂರು ಕಟ್ಟಿ. ಇನ್ನೊಂದು ಏನಂದರೆ, ಬಾಣ ಬಿಟ್ಟ ಗಂಡಸು ಗುರಿಯ ಹತ್ತಿರ ಹೋಗಿ ನೋಡುವ ಹಾಗಿಲ್ಲ. ನೋಡಿದರೆ ತನ್ನ ಬಾಣವನ್ನು ತಾನೇ ಅನುಮಾನಿಸಿದ ಹಾಗೆ, ಅವಮಾನ. ಕಿತ್ತು ತರುವುದು ಹೆಂಡತಿಯ ಕೆಲಸ. ಮಿಕ್ಕವರು ದೂರದಲ್ಲೇ ನಿಂತು ಭಲೇ ಅನ್ನಬೇಕು.

ಮೊದಲನೇ ವರ್ಷ ಹಿರಿಮಗನಿಗೆ ಮದುವೆಯಾಯಿತು. ಸೊಸೆ ತಿಪ್ಪಕ್ಕ. ಗಟ್ಟಿ ಇದ್ದದ್ದು ಬಾಳುತ್ತೆ ಅಂದುಕೊಂಡು ಆಕೆ ಹಳೇ ಹುಣಸೆಮರದ ಬುಡ ಕೊಯ್ಯಿಸಿ ಗಾಡಿಚಕ್ರದಷ್ಟು ದುಂಡನೆಯ ಹಲಗೆ ಮಾಡಿಸಿದಳಂತೆ. ಅಲಗು ಹಲಗೆಗೆ ಕಚ್ಚಿದರೆ ಬಿಡುತ್ತಿರಲಿಲ್ಲ, ತಿಪ್ಪಕ್ಕ ಕಾಲು ಕೊಟ್ಟು ಎಳೆದರೆ ಕಡ್ಡಿ ಕೈಗೆ, ಅಲಗು ಮರದೊಳಗೆ. ಆಮೇಲೆ ಒಂದು ದಿನ ಹಲಗೆ ಟಪ್ಪಂತ ಸೀಳಿತಂತೆ. ಹೊಗಳುಭಟ ಎದ್ದು ನಿಂತು, ಹುಣಸೆಮರವನ್ನೇ ಸೀಳಿದ ತೋಳು ಅಂತ ಹಿರಿನಾಯಕನ ಮೇಲೆ ಹಾಡು ಕಟ್ಟಿದ. ಆಮೇಲೆ ಅದೇ ಸಂಜೆ ತಿಪ್ಪಕ್ಕನ ಮಡಿಲಿಗೆ ಚೂರು ಕಟ್ಟಿ ಗಾಡಿ ಹತ್ತಿಸಿದರು. ಒಡಕು ಒಂದೇ ಪುಟ್ಟಿ. ಗಂಡನಿಗೆ ಶಹಬಾಸ್, ಹೆಂಡತಿಗೆ ತವರಿನ ದಾರಿ. ಇದು ಹೇಗೆ ಅಂತ ಕೇಳಿದವರು ಇಡೀ ಪಾಳೆಯಪಟ್ಟಿನಲ್ಲಿ ಒಬ್ಬರೂ ಇಲ್ಲ.

ಎರಡನೇ ವರ್ಷ ನಡುವಿನವನಿಗೆ ಮದುವೆಯಾಯಿತು. ಸೊಸೆ ಪಾಲಕ್ಕ. ಗಟ್ಟಿಯದು ಸೀಳಿತು, ಮೆತ್ತಗಿದ್ದದ್ದು ಬಾಳಬಹುದು ಅಂತ ಆಕೆ ಎಮ್ಮೆಚರ್ಮದ ದೊಡ್ಡ ಚೀಲ ಹೊಲಿಸಿ, ಹತ್ತಿ ತುರುಕಿ ತುರುಕಿ ತುಂಬಿದಳಂತೆ. ಮುಳ್ಳಿನ ಬಾಣಕ್ಕಾದರೆ ಅದು ನಿಲ್ಲುತ್ತಿತ್ತೋ ಏನೋ. ಅಲಗು ಹೊಲಿಗೆಯನ್ನು ಕೊಯ್ದು ಹಾಕಿತು, ಹತ್ತಿಯೆಲ್ಲ ಹೊರಗೆ ಬಂದು ಬಯಲ ತುಂಬ ಹಾರಾಡಿತಂತೆ. ಭಟ ಇನ್ನೊಂದು ಹಾಡು ಕಟ್ಟಿದ. ಪಾಲಕ್ಕನೂ ಗಾಡಿ ಹತ್ತಿದಳು.

ಮೂರನೇ ವರ್ಷ ಕಿರಿಯವನಾದ ಬೊಮ್ಮನಾಯಕನಿಗೆ ಕಾಟವ್ವನನ್ನು ತಂದರು. ಕಾಟವ್ವನಿಗೆ ಬೆನ್ನ ಹಿಂದೆ ಇಬ್ಬರು ತಂಗಿಯರು, ಇಬ್ಬರಿಗೂ ಇನ್ನೂ ಮದುವೆಯಾಗಿಲ್ಲ. ಅಕ್ಕನೇ ಮಡಿಲಲ್ಲಿ ಚೂರು ಕಟ್ಟಿಕೊಂಡು ತವರಿಗೆ ಬಂದರೆ ಆ ಮನೆಯ ಹೊಸ್ತಿಲಿಗೆ ಹೆಣ್ಣು ಕೇಳಲು ಯಾರು ಬರುತ್ತಾರೆ? ಗೌರಿಹಬ್ಬ ಹತ್ತಿರ ಬಂದ ಹಾಗೆ ಅವಳಿಗೆ ಅನ್ನ ಸೇರದೆ ಹೋಯಿತಂತೆ.

ಅತ್ತೆ ಒಂದು ದಿನ ಕೇಳಿದಳು, ಏನಮ್ಮಾ ಕಾಟವ್ವಾ, ಗುರಿ ಯಾವುದರಲ್ಲಿ ಕಟ್ತೀಯ? ಅಕ್ಕಂದಿರು ಕಟ್ಟಿದ್ದನ್ನ ನೋಡಿ ಹೇಳ್ತೀನಿ ಅತ್ತೆವ್ವ ಅಂದಳಂತೆ. ಅಯ್ಯೋ ಅವು ಪಾಪದ ಗುರಿ, ಮುಟ್ಟಬಾರದು, ದನದ ಕೊಟ್ಟಿಗೆ ಹಿಂದೆ ಬಿಸಾಕಿದೀವಿ ಅಂದಳು ಅತ್ತೆ. ಕಾಟವ್ವ ಕೊಟ್ಟಿಗೆ ಹಿಂದಕ್ಕೆ ಹೋದಳು.

ಹಲಗೆ ಗಿಡದ ನಡುವೆ ಬಿದ್ದಿತ್ತು. ಅವಳು ಅದರ ಮೇಲೆ ಕೈಯಾಡಿಸಿದಳಂತೆ. ಸೀಳಿದ್ದು ಅಂಚಿನಿಂದ. ಆಮೇಲೆ ಚೀಲವನ್ನು ಮಗುಚಿ ನೋಡಿದಳು. ಹರಿದದ್ದು ಅಂಚಿನ ಹೊಲಿಗೆ. ಮತ್ತೆ ಹಲಗೆ ನೋಡಿದಳು, ಮತ್ತೆ ಚೀಲ ನೋಡಿದಳು, ಸೆರಗಿನಿಂದ ಧೂಳು ಒರೆಸಿ ಇನ್ನೊಂದು ಸಲ ನೋಡಿದಳು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳಂತೆ. ಇಷ್ಟು ದಿನ ಹೊಟ್ಟೆಯಲ್ಲಿದ್ದ ಹೆದರಿಕೆ ಹೋಯಿತು. ಅದು ಇದ್ದ ಜಾಗಕ್ಕೆ ಸಿಟ್ಟು ಬಂತು. ಎಂಥ ಸಿಟ್ಟು ಅಂದರೆ, ಅವತ್ತು ಅವಳು ತೊಳೆದ ಪಾತ್ರೆಗಳ ಸದ್ದು ಕೇಳಿ ಅತ್ತೆ ಎರಡು ಸಲ ಎದ್ದು ಬಂದಳಂತೆ.

ಆದರೆ ಸಿಟ್ಟಿನಿಂದ ಗುರಿ ನಿಲ್ಲುವುದಿಲ್ಲವಲ್ಲ. ಊಟಕ್ಕೆ ಕೂತಾಗ ರಾಗಿಮುದ್ದೆಗೆ ಬೆರಳು ಚುಚ್ಚಿಕೊಂಡು ಯೋಚನೆ ಮಾಡುತ್ತಿದ್ದಳಂತೆ. ಬೆರಳು ತೆಗೆದಳು, ತೂತು. ಕೈ ಒದ್ದೆ ಮಾಡಿ ಸವರಿದಳು, ತೂತು ಇಲ್ಲ. ಮತ್ತೆ ಚುಚ್ಚಿದಳು, ಮತ್ತೆ ಸವರಿದಳು. ಮುದ್ದೆಯಲ್ಲಿ ಏನು ಆಟ ನಿಂದು ಅಂತ ಅತ್ತೆ ಗದರಿದಳು. ಏನಿಲ್ಲ ಅತ್ತೆವ್ವ, ಗುರಿ ಸಿಕ್ತು ಅಂದಳಂತೆ ಕಾಟವ್ವ.

ಗೌರಿಹಬ್ಬದ ದಿನ ಅವಳು ಆಳುಗಳ ಕೈಲಿ ಕೆರೆಗೋಡು, ಅಂದರೆ ಕೆರೆಯ ತಳದ ಜಿಗುಟು ಮಣ್ಣು, ತರಿಸಿದಳು. ಅಲಗಿಗೆ ಕಲ್ಲು ತಾಗಬಾರದು ಅಂತ ಜರಡಿ ಹಿಡಿದಳು, ರಾಗಿಹೊಟ್ಟು ಬೆರೆಸಿ, ಹರಳೆಣ್ಣೆ ಹುಯ್ದು, ತುಳಿದು ತುಳಿದು ಹದ ಮಾಡಿದಳು. ಆಮೇಲೆ ಕಟ್ಟಿದಳು ನೋಡು. ಗಾಡಿಚಕ್ರದಷ್ಟಲ್ಲ, ಕೊಟ್ಟಿಗೆಯ ಗೋಡೆಯಷ್ಟು. ಎತ್ತಿನ ಜೋಡಿ ಸಾಲಾಗಿ ಮಲಗಬಹುದು, ಅಷ್ಟು ದಪ್ಪ. ಮಳೆಗೆ ಕರಗದ ಹಾಗೆ ಮೇಲೆ ತೆಂಗಿನಗರಿ ಹೊದಿಸಿ, ನಟ್ಟನಡುವೆ ಅಂಗೈಯಗಲದ ಬೊಟ್ಟು ಇಟ್ಟಳಂತೆ.

ಬೊಮ್ಮನಾಯಕ ಬಿಲ್ಲು ಹಿಡಿದು ಬಂದವನು ಬೆಚ್ಚಿಬಿದ್ದ. ಏ ಇವಳೇ, ಗುರಿ ಕಟ್ಟು ಅಂದರೆ ಮನೆ ಕಟ್ಟಿದ್ದೀಯಲ್ಲೇ, ಬಾಗಿಲು ಎಲ್ಲಿಟ್ಟಿದ್ದೀಯ ಅಂತ ಕೇಳಿದನಂತೆ. ಅದಕ್ಕೆ ಕಾಟವ್ವ, ಗುರಿ ಚಿಕ್ಕದಾದರೇನು ದೊಡ್ಡದಾದರೇನು, ನಿಮ್ಮ ಬಾಣ ಹೋಗೋದು ಬೊಟ್ಟಿಗೆ ತಾನೇ ಅಂದಳಂತೆ. ಅವನು ಮೀಸೆ ತೀಡಿಕೊಂಡು, ಅದು ಸರಿ ಅನ್ನು ಅಂದ. ಅತ್ತೆ ಮಾತ್ರ ಸುಮ್ಮನಿರಲಿಲ್ಲ. ಕೆಸರಿಗೂ ಪಾತಿವ್ರತ್ಯಕ್ಕೂ ಏನೇ ಸಂಬಂಧ ಅಂದಳು. ಹುಣಸೆ ಹಲಗೆಗೆ ಏನಿತ್ತೋ ಅಷ್ಟೇ ಅತ್ತೆವ್ವ ಅಂದಳಂತೆ ಕಾಟವ್ವ. ಅತ್ತೆಗೆ ಅದು ಅರ್ಥವಾಗಲಿಲ್ಲ, ಆದರೂ ಯಾಕೋ ಉರಿಯಿತು.

ಬೊಮ್ಮನಾಯಕ ಬಾಣ ಬಿಟ್ಟ. ಅಲಗು ಮಣ್ಣಿಗೆ ಪಚಕ್ ಅಂತ ಹೊಕ್ಕು ನಿಂತಿತು. ಕಾಟವ್ವ ಎಳೆದರೆ ಬೆಣ್ಣೆಯಿಂದ ಬಂದ ಹಾಗೆ ಬಂತು, ಅಲಗು ಮುಕ್ಕಾಗಿಲ್ಲ, ಕಡ್ಡಿ ಮುರಿದಿಲ್ಲ. ಆಮೇಲೆ ನಡುವಿನವನಿಗೆ ಹೊಟ್ಟೆಕಿಚ್ಚು ಬಂದು, ನನ್ನ ಬಿಲ್ಲು ಭಾರದ್ದು, ನಾನು ಒಡೀತೀನಿ ನೋಡು ಅಂತ ಬಂದ. ಪಚಕ್. ಆಮೇಲೆ ಹಿರಿಯವನು, ಹುಣಸೆಮರ ಸೀಳಿದ ತೋಳು ಇದು ಅಂತ ತೋಳು ತಟ್ಟಿಕೊಂಡು ಬಂದು ಬತ್ತಳಿಕೆಯನ್ನೇ ಖಾಲಿ ಮಾಡಿದನಂತೆ. ಪಚಕ್ ಪಚಕ್ ಪಚಕ್. ಸಂಜೆಯಾದರೆ ಕಾಟವ್ವ ಒಂದು ಚೆಂಬು ನೀರು ತಗೊಂಡು ಹೋಗಿ ಎಲ್ಲ ತೂತನ್ನೂ ಸವರಿ ಮುಚ್ಚುತ್ತಿದ್ದಳು. ಎಡಕ್ಕೆ ಸವರುತ್ತಿದ್ದಳು, ಬಲಕ್ಕೆ ಸವರುತ್ತಿದ್ದಳು, ಏಣಿ ಹಾಕಿ ಮೇಲೆಲ್ಲ ಸವರುತ್ತಿದ್ದಳು. ಬೆಳಿಗ್ಗೆ ಗುರಿ ಹೊಸದರ ಹಾಗೆ ನಿಂತಿರುತ್ತಿತ್ತಂತೆ. ಬೊಟ್ಟು ಬಳಿಯಲು ಕುಂಕುಮದ ಬಟ್ಟಲು ಯಾಕೆ ಒಯ್ಯುವುದಿಲ್ಲ ಅಂತ ಅವಳನ್ನು ಯಾರೂ ಕೇಳಲಿಲ್ಲ.

ನಿದ್ದೆ ಬಂತಾ? ಇನ್ನು ಸ್ವಲ್ಪ.

ಮಾರ್ನವಮಿ ಬಂತು. ಗುರಿ ನಿಂತಿತ್ತು. ಇಡೀ ಸೀಮೆ ಬಯಲಿಗೆ ಬಂದು ಸೇರಿತು. ಭಟ ಮೂರನೇ ಹಾಡು ಕಟ್ಟಿಕೊಂಡು ಬಂದಿದ್ದ. ಹೆಂಗಸರು ತಟ್ಟೆ ಹಿಡಿದು, ಮಹಾತಾಯಿ, ನಿಮ್ಮ ಪಾದ ತೊಳೆದ ನೀರು ಕೊಡಿ, ನಮ್ಮ ಮನಸ್ಸೂ ನೆಟ್ಟಗಾಗಲಿ ಅಂತ ಸಾಲುಗಟ್ಟಿದರಂತೆ. ಕಾಟವ್ವ ಕಾಲು ಹಿಂದಕ್ಕೆಳೆದುಕೊಂಡು, ಕೆರೆಗೋಡು ಮೆತ್ತಿದೆ ಕಣ್ರಮ್ಮಾ, ಕುಡಿದರೆ ಹೊಟ್ಟೆ ನೋಯುತ್ತೆ ಅಂದಳಂತೆ. ಎಂಥ ವಿನಯ ನೋಡು ಅಂದರು ಅವರು. ಇಂಥವರಿಗೆ ಏನು ಹೇಳುವುದು?

ಗಾದಿನಾಯಕ ಗದ್ದಿಗೆಯಿಂದ ಎದ್ದು, ಮಗಳೇ, ಮನೆತನದ ಮಾನ ಉಳಿಸಿದೆ, ಏನು ಬೇಕು ಕೇಳು ಅಂದನಂತೆ. ಅಕ್ಕಂದಿರಿಬ್ಬರನ್ನೂ ಕರೆಸಿ ಮಾವಯ್ಯ ಅಂದಳು. ಅತ್ತೆ ಎದ್ದು, ಗುರಿ ಒಡೆಸಿಕೊಂಡವರು ಈ ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ, ಮನಸ್ಸು ಸರಿಯಿಲ್ಲದವರು ಅಂದಳು. ಹಾಗಾದರೆ ಆ ಗುರಿಗಳನ್ನ ತಂದು ನನ್ನದರ ಪಕ್ಕ ಇಡಿಸಿ ಅಂದಳಂತೆ ಕಾಟವ್ವ. ಆಳುಗಳು ಹಲಗೆ ತಂದರು, ಚೀಲ ತಂದರು, ಗೋಡೆಗೆ ಒರಗಿಸಿದರು.

ಒಡೆದ ಜಾಗವನ್ನ ಎಲ್ಲರೂ ನೋಡಿದ್ದಾರೆ ಮಾವಯ್ಯ. ನೀವು ಒಂದು ಸಲ ಹತ್ತಿರ ಬಂದು ಒಡೆಯದ ಜಾಗ ನೋಡಿ.

ಪಾಳೆಗಾರ ಗುರಿಯ ಹತ್ತಿರ ಹೋಗುವುದೇ? ಜನ ಗುಸುಗುಸು ಅಂದಿತು. ಬೇಡಪ್ಪಾಜಿ, ಪದ್ಧತಿ ಅಲ್ಲ ಅಂತ ಹಿರಿಯವನು ಅಡ್ಡ ಬಂದ. ಅವನು ಅಷ್ಟು ಅವಸರವಾಗಿ ಅಡ್ಡ ಬಂದದ್ದಕ್ಕೇ ಮುದುಕ ಹೊರಟನಂತೆ. ಬಯಲು ದಾಟಿ ನಡೆದುಹೋದ. ಹಲಗೆಯ ಹತ್ತಿರ ಬಗ್ಗಿ ನೋಡಿದ. ಆಮೇಲೆ ಚೀಲ ನೋಡಿದ. ಆಮೇಲೆ ಮಣ್ಣಿನ ಗುರಿಯ ಎದುರು ನಿಂತು, ಬೊಟ್ಟಿನ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡ. ಆಮೇಲೆ ತಿರುಗಿ ಮೂವರು ಮಕ್ಕಳನ್ನು ನೋಡಿದ. ಹಿರಿಯವನು ಸರಿಯಾಗಿದ್ದ ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ನಡುವಿನವನು ಬಿಲ್ಲಿನ ಹೆದೆ ಪರೀಕ್ಷೆ ಮಾಡಿದ. ಬೊಮ್ಮನಾಯಕ ಆಕಾಶ ನೋಡಿದ, ಆಕಾಶದಲ್ಲಿ ಏನೂ ಇರಲಿಲ್ಲ.

ಗಾಡಿ ಕಟ್ಟಿ, ಇಬ್ಬರನ್ನೂ ಕರೆತನ್ನಿ ಅಂದ ಗಾದಿನಾಯಕ. ಇನ್ನು ಮೇಲೆ ಬಾಣ ಬಿಡುವವನೇ ಗುರಿ ಕಟ್ಟಿಕೊಳ್ಳಲಿ, ತಾನೇ ನಡೆದುಹೋಗಿ ಕಿತ್ತು ತರಲಿ ಅಂದ. ಅಷ್ಟೇ ಹೇಳಿ ಸುಮ್ಮನಿದ್ದಿದ್ದರೆ ಅವನನ್ನು ಒಳ್ಳೆಯವನು ಅನ್ನುತ್ತಿದ್ದೆ. ಜನ ಯಾಕೆ ಅಂತ ಕೇಳಿದ್ದಕ್ಕೆ, ದೇವಿ ಮನ್ನಿಸಿದ್ದಾಳೆ ಅಂದನಂತೆ. ಜನ ಕೈ ಮುಗಿದರು. ಭಟ ಅಲ್ಲೇ ನಿಂತು ನಾಲ್ಕನೇದು ಕಟ್ಟಿದ.

ಪಾಲಕ್ಕ ಅಳುತ್ತಾ ಬಂದಳು. ತಿಪ್ಪಕ್ಕ ಬರಲಿಲ್ಲ. ಆಳು ಗಾಡಿ ತಂದರೆ ವಾಪಸ್ ಕಳಿಸಿದಳು, ಮೈದುನ ಹೋದರೆ ವಾಪಸ್ ಕಳಿಸಿದಳು, ಕೊನೆಗೆ ಹಿರಿನಾಯಕ ತಾನೇ ಗಾಡಿ ಹೊಡೆದುಕೊಂಡು ಹೋಗಿ, ಹೊಸ್ತಿಲಾಚೆ ನಿಂತು, ಅವಳ ಮಡಿಲಿಗೆ ಅಕ್ಕಿ ಹಾಕಿದ ಮೇಲೆ ಹತ್ತಿದಳಂತೆ. ಬಂದವಳು ಕಾಟವ್ವನ ಕೈ ಹಿಡಿದು, ನನ್ನ ಮನಸ್ಸು ಓರೆಯಾಗಿದ್ದಕ್ಕೇ ಅವರ ಬಾಣ ಓರೆಯಾಗಿ ಹೋಗ್ತಿತ್ತು ಅಂದುಕೊಂಡಿದ್ದೆ ಕಣೇ ಅಂದಳು. ಕಾಟವ್ವನಿಗೆ ಮತ್ತೆ ಸಿಟ್ಟು ಬಂತಂತೆ. ಆಮೇಲೆ ಇಬ್ಬರೂ ಸೇರಿ ನಕ್ಕರಂತೆ, ಪಾಲಕ್ಕನೂ ಬಂದು ನಕ್ಕಳಂತೆ. ಕಾಟವ್ವನ ತಂಗಿಯರಿಗೆ ಒಳ್ಳೆಯ ಕಡೆ ಮದುವೆಯಾಯಿತು. ಊರಿನವರು ಮಾತ್ರ ಆ ಮಣ್ಣನ್ನು ಪ್ರಸಾದ ಅಂತ ಉಂಡೆ ಉಂಡೆ ಒಯ್ದು ದೇವರಗೂಡಿನಲ್ಲಿ ಇಟ್ಟುಕೊಂಡರು. ಅವರು ಅಲ್ಲಿ ಹಾಗೆ, ನಾವು ಇಲ್ಲಿ ಹೀಗೆ, ಕತೆಯೂ ಮುಗೀತು, ದೀಪದ ಎಣ್ಣೆಯೂ ಮುಗೀತು.

ಏನು? ಮುದುಕ ಅಲ್ಲಿ ಕಂಡದ್ದು ಏನು ಅಂತ ನಾನು ಹೇಳಲೇ ಇಲ್ಲವಾ?

ಮೂರು ಗುರಿಯ ಮೂರು ಬೊಟ್ಟೂ ಇಟ್ಟ ಹಾಗೇ ಇತ್ತು, ಒಂದಕ್ಕೂ ಒಂದು ಬಾಣ ತಾಗಿರಲಿಲ್ಲ.