ಕಂಚಿಗುಡ್ಡದ ಕಣ್ಣು ಕಿವಿ

ಕೂಲಿಮಠದ ಮರಳಲ್ಲಿ ಅಕ್ಷರ ತಿದ್ದುವುದನ್ನು ಬಿಟ್ಟು ದುರುಗ ಮೊದಲು ಮನೆಯಿಂದ ಕಾಲು ಕಿತ್ತದ್ದು ಕಾರಹುಣ್ಣಿಮೆಯ ದಿನ. ಆಮೇಲೆ ಅವನು ಯಾವ ಊರಲ್ಲೂ ನಿಂತವನಲ್ಲ. ಹಾಗೆ ಅಲೆಯುತ್ತ ಕಂಚಿಗುಡ್ಡದ ಕೋಟೆಗೆ ಬಂದಾಗ ಡಂಗುರ ಹೊಡೆಯುತ್ತಿದ್ದರು: “ಕೇಳ್ರಪ್ಪೋ ಕೇಳ್ರಿ! ದೊರೆಯ ಮೂರು ಒಗಟು ಬಿಡಿಸಿದವನಿಗೆ ಕೋಟೆಯ ಕಣ್ಣು ಕಿವಿಗಳ, ಅಂದರೆ ಕಾವಲು ಬೇಹುಗಳ, ಯಜಮಾನಿಕೆ. ತಪ್ಪಿದವನಿಗೆ ಶೂಲ!”

ಹೆಬ್ಬಾಗಿಲ ಕಾವಲುಗಾರ ಎಲೆ ಅಡಿಕೆ ಕೊಟ್ಟು, “ದಾರೀಲಿ ಏನೇನು ಕಂಡೆ ತಮ್ಮಾ?” ಎಂದ. ಬಾಯಿಚಪಲಕ್ಕೆ ದುರುಗ ಎಲ್ಲ ಹೇಳಿದ. ಹಿಂದಿನ ದಿನ ತನಗೆ ರೊಟ್ಟಿ ಕೊಟ್ಟ ಗಂಗಮಾಳವ್ವ, ದಂಡಿನಿಂದ ಓಡಿಬಂದ ಮಗ ಓಬಯ್ಯನನ್ನು ನೆಲದೊಳಗಿನ ಕಾಳಿನ ಹಗೇವಿನಲ್ಲಿ ಬಚ್ಚಿಟ್ಟದ್ದನ್ನೂ ನಗುನಗುತ್ತ ಹೇಳಿಬಿಟ್ಟ.

ಬೆಳಗ್ಗೆ ಓಲಗದಲ್ಲಿ ತಾಯಿ ಮಗ ಇಬ್ಬರನ್ನೂ ಹಗ್ಗ ಬಿಗಿದು ನಿಲ್ಲಿಸಿದ್ದರು. ಸಂಜೆಗೆ ಓಬಯ್ಯನ ತಲೆ ಹೋಗುವುದಿತ್ತು. ದುರುಗ ಓಡಿಹೋಗಲಿಲ್ಲ. ಹೋಗಿ ಒಗಟಿಗೆ ನಿಂತವರ ಸಾಲು ಸೇರಿದ.

ದೊರೆ ಕೇಳಿದ: “ಕೊತ್ತಲದ ಕಾವಲಿನವನು ದೂರದಲ್ಲಿ ಧೂಳೆದ್ದದ್ದು ಕಂಡ. ಸಂತೆಗೆ ಹೋದ ಬೇಹುಗಾರ, ಹಗೆಯವರು ಕುದುರೆಗೆ ಹುರುಳಿ ಕೊಳ್ಳುವುದು ಕಂಡ. ಇಬ್ಬರೂ ನಿಜವನ್ನೇ ಹೇಳಿದರು. ಆದರೂ ನನ್ನ ಪೇಟೆ ಸುಟ್ಟಿತು. ಹೇಗೆ?”

ದಳವಾಯಿಯ ಅಳಿಯ ಮೀಸೆ ತಿರುವಿ, “ಒಬ್ಬ ಲಂಚ ತಿಂದಿದ್ದ” ಎಂದ. ಅವನನ್ನು ಎಳೆದೊಯ್ದರು.

“ಕಾವಲಿನವ ತನ್ನ ನಾಯಕನಿಗೆ ಹೇಳಿದ, ಬೇಹಿನವ ತನ್ನವನಿಗೆ,” ಎಂದ ದುರುಗ. “ಆ ನಾಯಕರಿಬ್ಬರೂ ಒಂದೇ ತಟ್ಟೆಯ ಎಲೆ ಮುಟ್ಟೋದಿಲ್ಲ ಅಂತ ಹೆಬ್ಬಾಗಿಲಲ್ಲೇ ಆಡಿಕೊಳ್ತಾರೆ, ಬುದ್ಧಿ. ಧೂಳಿಗೂ ಹುರುಳಿಗೂ ಭೇಟಿಯೇ ಆಗಲಿಲ್ಲ.”

ಓಲಗದಲ್ಲಿದ್ದ ನಾಯಕರಿಬ್ಬರ ತಲೆ ತಗ್ಗಿತು. ದೊರೆ ಎರಡನೆಯದು ಕೇಳಿದ:

“ಬಚ್ಚಿಟ್ಟರೆ ಕೊಳೆಯುತ್ತದೆ, ಬೀದಿಗೆ ಚೆಲ್ಲಿದರೆ ಮನೆ ಸುಡುತ್ತದೆ, ತಕ್ಕ ಕೈಗೆ ಕೊಟ್ಟರೆ ಊರು ಕಾಯುತ್ತದೆ. ಏನದು?”

“ಬೆಂಕಿ” ಎಂದ ಜೋಯಿಸ.

“ಬೆಂಕಿ ಕೊಳೆಯೋದುಂಟೇನಯ್ಯ?” ಎಂದ ದೊರೆ. ಜೋಯಿಸನೂ ಹೋದ.

“ಗುಟ್ಟಿನ ಸುದ್ದಿ,” ಎನ್ನುವಾಗ ದುರುಗನ ದನಿ ಕುಗ್ಗಿತು. ಬೀದಿಗೆ ಚೆಲ್ಲಿದವನು ತಾನೇ.

“ಕಡೆಯದು. ಎಲ್ಲರ ಮುಖ ನೋಡುವ ಬೇಹುಗಾರ ಯಾರ ಮುಖ ನೋಡಲಾರ?”

ಉಳಿದಿದ್ದ ಸಾಹುಕಾರನ ಮಗ, “ತನ್ನದೇ ಮುಖ!” ಎಂದು ಕೂಗಿದ.

“ನಿಮ್ಮನೇಲಿ ಕನ್ನಡಿ ಇಲ್ಲವೇನೋ?” ಎಂದ ದೊರೆ. ಅವನೂ ಹೋದ.

ದುರುಗ ನೆಲ ನೋಡುತ್ತಲೇ ಹೇಳಿದ: “ಅನ್ನ ಇಕ್ಕಿದವರ ಮುಖ, ಬುದ್ಧಿ. ಉಂಡ ಮನೆಯ ಮಾತನ್ನೇ ಅವನು ಹೊತ್ತು ತರೋದು. ಬಂದಾಗಿಂದ ನಾನು ಆ ಅವ್ವನ ಕಡೆ ತಿರುಗಿಲ್ಲ.”

“ಇನ್ನು ಕೋಟೆಯ ಕಣ್ಣು ಕಿವಿ ನಿನ್ನವು” ಎಂದ ದೊರೆ.

“ಎರಡಕ್ಕೂ ಒಬ್ಬನೇ ಯಜಮಾನ ಇರಲಿ ಬುದ್ಧಿ, ಅದು ನಾನಲ್ಲ. ನನಗೆ ಓಬಯ್ಯನ ತಲೆ ಕೊಡಿ, ಕತ್ತಿನ ಮೇಲಿರೋ ಹಾಗೇ. ಶೂಲದ ಕಡೆ ಹೋದವರನ್ನೂ ಬಿಟ್ಟುಬಿಡಿ.”

ದೊರೆ ತಲೆಯಾಡಿಸಿದ. ಹಗ್ಗ ಬಿಚ್ಚಿದರು. ಮಗನ ಕೈ ಹಿಡಿದು ಹೊರಟ ಗಂಗಮಾಳವ್ವ ದುರುಗನ ಎದುರು ನಿಂತಳು.

“ರೊಟ್ಟಿಗೆ ಉಪ್ಪು ಕಮ್ಮಿಯಾಗಿತ್ತೇನಪ್ಪ?”

ಅವನು ತಲೆ ಎತ್ತಲಿಲ್ಲ.

ಹೆಬ್ಬಾಗಿಲ ಹೊರಗೆ ಕಂಬಳಿ ಹಾಸಿ ಗಂಟು ಕಟ್ಟುತ್ತಿದ್ದಾಗ ಕಾವಲುಗಾರ ಬಂದ. “ಎತ್ತ ಕಡೆ ಹೊರಟೆ ತಮ್ಮಾ?”

ದುರುಗ ಬಾಯಿ ಬಿಡಲಿಲ್ಲ. ಗಂಗಮಾಳವ್ವ ಕಟ್ಟಿಕೊಟ್ಟಿದ್ದ ಬುತ್ತಿಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಅದನ್ನೂ ಕಂಬಳಿಯೊಳಗಿಟ್ಟು ಗಂಟು ಬಿಗಿದ.