ಮಂಡೋದರಿಯ ಕೆನ್ನೆ

ತುಂಗಭದ್ರೆಯ ದಂಡೆಯ ಮೇಲೆ ಭರಮಜ್ಜನ ಗುಡಿಸಲು. ತೊಗಲುಗೊಂಬೆ ಆಡಿಸುವ ಮನೆತನ. ಅಜ್ಜನ ಕೈಯಲ್ಲಿ ಈಗ ಕಸುವಿಲ್ಲ, ಕಣ್ಣೂ ಮಂಜು. ಮಕ್ಕಳಿಲ್ಲ. ಇದ್ದವಳು ಒಬ್ಬಳೇ ಶಿಷ್ಯೆ, ಹುಲಿಗೆವ್ವ.

ಮಹಾ ಹಟಮಾರಿ ಅವಳು. ಆದರೆ ಗಂಟಲು ತೆಗೆದಳೆಂದರೆ ದನ ಕಾಯುವವರು ದನ ಮರೆತು ನಿಲ್ಲುತ್ತಿದ್ದರು. ಅಜ್ಜ ಅವಳ ಹಟವನ್ನು ಸಹಿಸಿದ್ದೇ ಆ ಗಂಟಲಿಗಾಗಿ.

ಒಂದು ಬೆಳಿಗ್ಗೆ ಅಜ್ಜ ಪೆಟ್ಟಿಗೆ ತೆರೆದು ಮಂಡೋದರಿಯ ಗೊಂಬೆಯನ್ನು ಹೊರತೆಗೆದ. ಕುತ್ತಿಗೆ ಹರಿದಿತ್ತು. ತೊಗಲು ಹಪ್ಪಳದ ಹಾಗೆ ಮುಟ್ಟಿದರೆ ಮುರಿಯುವಂತಾಗಿತ್ತು.

"ಮುಗೀತವ್ವ ಇವಳ ಆಟ. ಹೊಳೀಗೆ ಬಿಡೂಣು," ಅಂದ.

ಹುಲಿಗೆವ್ವ ಗೊಂಬೆಗೆ ಕೈ ಅಡ್ಡ ಹಿಡಿದಳು.

ಆ ಮನೆತನದ ಪದ್ಧತಿಯೇ ಹಾಗೆ. ಹರಿದ ಗೊಂಬೆಯನ್ನು ಮನೆಯಲ್ಲಿ ಇಡುವಂತಿಲ್ಲ, ಬೀದಿಗೆ ಎಸೆಯುವಂತಿಲ್ಲ. ಹೊಸದನ್ನು ಕೆತ್ತಿ, ಹಳೆಯದಕ್ಕೆ ಅರಿಸಿನ ಕುಂಕುಮ ಹಚ್ಚಿ, ಮನೆಯ ಹಿರಿಯಳನ್ನು ಕಳಿಸಿಕೊಟ್ಟ ಹಾಗೆ ಹೊಳೆಗೆ ಬಿಡಬೇಕು. ಹೊಸದು ಕೆತ್ತುವ ಕೈಯೇ ಇಲ್ಲದ ಮನೆಯಾದರೆ, ಪೆಟ್ಟಿಗೆಗೆ ಪೆಟ್ಟಿಗೆಯೇ ಹೊಳೆಗೆ ಹೋಗಬೇಕು.

"ಇಂಥಾಕಿ ಮತ್ತೊಬ್ಬಾಕಿ ಎಲ್ಲಿ ಸಿಗ್ತಾಳ್ರಿ ಅಜ್ಜ? ಇವಳನ್ನ ನೋಡಿ ಅಳದೋರ್ ಇಲ್ಲ. ಮ್ಯೂಸಿಯಂನೋರು ಕೇಳ್ಯಾರಲ್ಲ, ಅವರಿಗರೆ ಕೊಡೂಣು. ಗಾಜಿನ ಪೆಟಿಗ್ಯಾಗ ನೂರು ವರ್ಷ ಇರ್ತಾಳ."

"ಕೊಡೂಣು. ಭಾಳ ಛಲೋ ಮಂದಿ ಅವರು. ಹೋಗಿ ಒಂದು ಮಾತು ಕೇಳಿ ಬಾ. ಆ ಗಾಜಿನ ಪೆಟಿಗ್ಯಾಗ ದೀಪ ಇವಳ ಮುಂದ ಇಡ್ತಾರೋ, ಹಿಂದ ಇಡ್ತಾರೋ?"

ತೊಗಲುಗೊಂಬೆಗೆ ಜೀವ ಬರುವುದೇ ಬೆನ್ನ ಹಿಂದಿನ ದೀಪದಿಂದ. ಮುಂದೆ ಬೆಳಕು ಹಿಡಿದರೆ ಅದು ಬರೀ ತೊಗಲು. ಹುಲಿಗೆವ್ವನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದಳು, ಪಾಪ.

"ಹುಣ್ಣಿವಿ ದಿನ ಊರಾಗ ಆಟ ಐತಿ," ಅಜ್ಜ ಅಂದ. "ಅಷ್ಟರಾಗ ಹೊಸಾಕೀನ್ನ ಕೆತ್ತು, ಪೆಟಿಗಿ ನಿನ್ನದು. ಆಗಲಿಲ್ಲಾ, ಇವಳ ಸಂಗಡ ಪೆಟಿಗೀನೂ ಹೊಳೀಗೆ."

"ಅಯ್ಯ ಶಿವನ! ರಾಮ, ಸೀತಿ, ಹನುಮಪ್ಪ, ಎಲ್ಲಾರೂ?"

"ಎಲ್ಲಾರೂ. ಆಡ್ಸೋರಿಲ್ಲದ ಮನ್ಯಾಗ ಕುಂತು ಅವರರೆ ಏನ್ ಮಾಡ್ಬೇಕು?"

ಅಜ್ಜ ತಮಾಷೆ ಮಾಡುತ್ತಿರಲಿಲ್ಲ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಹುಲಿಗೆವ್ವ ಆಡಿನ ತೊಗಲು ಹದ ಮಾಡಿದಳು. ಅದರ ಮೇಲೆ ಹಳೆಯ ಮಂಡೋದರಿಯನ್ನು ಮಲಗಿಸಿ ಗೆರೆ ಎಳೆದಳು. ಒಂದೊಂದೇ ಕಿಂಡಿಯನ್ನು ಉಳಿಯಿಂದ ಕೆತ್ತಿದಳು. ಬಣ್ಣ ತುಂಬಿದಳು.

ಹಳೆಯ ಗೊಂಬೆಯ ಎಡಗಣ್ಣಿನ ಕೆಳಗೆ ಒಂದು ತೂತಿತ್ತು. ಅದಕ್ಕೆ ತೆಳ್ಳಗಿನ ತೊಗಲಿನ ತೇಪೆ. ದೀಪದ ಬೆಳಕು ಅಲ್ಲಿಂದ ಹಾದು ಪರದೆಯ ಮೇಲೆ ಹನಿಯಾಗಿ ಬೀಳುತ್ತಿತ್ತು. ಜನ ಅಳುವುದು ಆ ಹನಿಯನ್ನು ನೋಡಿಯೇ ಎಂದು ಹುಲಿಗೆವ್ವ ನಂಬಿದ್ದಳು. ಅದಕ್ಕೇ ಹೊಸ ಗೊಂಬೆಗೂ ಅಲ್ಲೇ ತೂತು ಮಾಡಿದಳು. ಅಂಥದೇ ತೇಪೆ ಹಾಕಿದಳು. ಹೊಲಿಗೆಯನ್ನೂ ಹಾಗೇ ಸೊಟ್ಟಗೆ ಹಾಕಿದಳು.

ಸಂಜೆ ಪರದೆ ಕಟ್ಟಿ ದೀಪ ಹಚ್ಚಿ ಆಡಿಸಿ ತೋರಿಸಿದಳು. ಅಜ್ಜನ ಮಂಜುಗಣ್ಣಿಗೂ ಆ ಬೆಳಕಿನ ಹನಿ ಕಂಡಿತು.

"ಕೈ ಛಲೋ ಐತಿ. ಕೆನ್ನಿ ಮ್ಯಾಲೆ ಅದೇನದು?"

"ಕಣ್ಣೀರ್ರಿ ಅಜ್ಜ."

"ಯಾರದು?"

"ಇನ್ಯಾರದು? ಮಂಡೋದರೀದು!"

"ಹುಚ್ಚಿ! ಅದು ನಮ್ಮವ್ವಂದು."

ಹುಲಿಗೆವ್ವ ಗೊಂಬೆ ಕೆಳಗಿಟ್ಟಳು.

"ನಮ್ಮಪ್ಪ ತೀರಿಕೊಂಡ ವಾರದಾಗ ಒಂದು ಆಟ ಇತ್ತು," ಅಜ್ಜ ಹೇಳಿದ. "ಊರಿಗೆ ಮಾತು ಕೊಟ್ಟಾಗಿತ್ತು. ನಮ್ಮವ್ವ ತಾನ ಕುಂತು ಇವಳನ್ನ ಆಡ್ಸಿದ್ಲು. ಮಂಡೋದರಿ ರಾವಣನ ಹೆಣದ ಮ್ಯಾಲೆ ಬಗ್ತಾಳಲ್ಲ, ಆವಾಗ ಅವ್ವನ ಕೈ ನಡುಗ್ತು. ದೀಪ ಕೆನ್ನಿಗೆ ಹತ್ತಿತು. ಮರುದಿನ ಕುಂತು ತೇಪಿ ಹಾಕಿದ್ಲು. ಅಷ್ಟ ನೋಡು."

ಹುಲಿಗೆವ್ವ ತಾನು ಹಾಕಿದ ಸೊಟ್ಟ ಹೊಲಿಗೆಯನ್ನು ನೋಡಿದಳು.

"ಹಂಗಾರ ನಾ ಎಲ್ಲಿ ತೂತು ಮಾಡ್ಲಿ?"

"ಎಲ್ಲೂ ಬ್ಯಾಡ. ಬೋಳು ಕೆನ್ನಿ ಇರಲಿ. ಮತ್ತೊಂದು ಕೆತ್ತು."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಬೋಳು ಕೆನ್ನಿ ನೋಡಿ ಯಾರು ಅಳ್ತಾರ್ರಿ?"

ಅಜ್ಜ ಎಲೆಯಡಿಕೆ ಕುಟ್ಟುತ್ತ ಕುಂತ.

ಮುಖ ಊದಿಸಿಕೊಂಡೇ ಅವಳು ಇನ್ನೊಂದು ಕೆತ್ತಿದಳು. ಕೆನ್ನೆ ನುಣ್ಣಗೆ ಇತ್ತು. ಚೆಂದವಾಗಿಯೂ ಇತ್ತು. ಅವಳಿಗೆ ಮಾತ್ರ ಅದನ್ನು ನೋಡಿದರೆ ಏನೂ ಅನ್ನಿಸಲಿಲ್ಲ.

ಹುಣ್ಣಿಮೆಯ ದಿನ ಹೊತ್ತು ಇಳಿಯುವಾಗ ಇಬ್ಬರೂ ಹೊಳೆಗೆ ಹೋದರು. ಅಜ್ಜ ಹಳೆಯ ಮಂಡೋದರಿಯ ಹಣೆಗೆ ಕುಂಕುಮ ಇಟ್ಟು, ಹುಲಿಗೆವ್ವನ ಕೈಗೆ ಕೊಟ್ಟ.

ಅವಳು ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದಳು. ನಿಂತಳು. ನಿಂತೇ ಇದ್ದಳು. ಚಿಕ್ಕವಳಿದ್ದಾಗ ಆಡಿಸುವುದನ್ನು ಕಲಿತದ್ದು ಇದೇ ಗೊಂಬೆಯ ಕಡ್ಡಿ ಹಿಡಿದು. ಹೆತ್ತವ್ವನ ಮುಖ ನೆನಪಿರದ ಅವಳಿಗೆ ಈ ಮುಖ ಮಾತ್ರ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

"ನನ್ನ ಕೈಲೆ ಆಗಂಗಿಲ್ರಿ ಅಜ್ಜ," ಎಂದು ಗಳಗಳನೆ ಅತ್ತಳು.

"ನನ್ನ ಕೈಲೇನೂ ಆಗಂಗಿಲ್ಲವ್ವ. ಅದಕ್ಕ ನಿನ್ನ ಕೈಯಾಗ ಕೊಟ್ಟೀನಿ."

ಅವಳು ತಿರುಗಿ ನೋಡಿದಳು. ದಂಡೆಯ ಮೇಲೆ ಅಜ್ಜ ಹೆಗಲ ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ. ಇಷ್ಟು ವರ್ಷದಲ್ಲಿ ಅವನು ಅಳುವುದನ್ನು ಅವಳು ನೋಡಿರಲಿಲ್ಲ.

ಅವಳು ಕೈ ಬಿಟ್ಟಳು. ಮಂಡೋದರಿ ಒಂದಿಷ್ಟು ದೂರ ತೇಲಿದಳು. ಸುಳಿಯಲ್ಲಿ ಒಮ್ಮೆ ಕೈ ಎತ್ತಿದ ಹಾಗೆ ಕಂಡಿತು. ಆಮೇಲೆ ಕಾಣಲಿಲ್ಲ.

ಕತ್ತಲಾಗುತ್ತಲೇ ಆಟ ಶುರುವಾಯಿತು. ಊರವರು ಚಾಪೆ ಹಾಸಿಕೊಂಡು ಕುಂತಿದ್ದರು. ರಾವಣ ಬಿದ್ದ. ಹುಲಿಗೆವ್ವ ಬೋಳು ಕೆನ್ನೆಯ ಮಂಡೋದರಿಯನ್ನು ಪರದೆಗೆ ತಂದು ಹಾಡು ಎತ್ತಿಕೊಂಡಳು.

ಗೊಂಬೆ ಹೆಣದ ಮೇಲೆ ಬಗ್ಗಿತು. ಅವಳ ಕಣ್ಣಿಗೆ ಮಾತ್ರ ರಾವಣ ಕಾಣಲಿಲ್ಲ. ಹೊಳೆಯ ನೀರು ಕಂಡಿತು. ಟವೆಲಿನಿಂದ ಬಾಯಿ ಮುಚ್ಚಿಕೊಂಡ ಅಜ್ಜ ಕಂಡ. ದನಿ ಒಡೆಯಿತು, ಪದ ಅರ್ಧಕ್ಕೇ ನಿಂತಿತು. ಕೈ ನಡುಗಿತು. ತೊಗಲು ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಪರದೆಯ ಆಚೆ ಯಾರೋ ಒಬ್ಬ ಹೆಂಗಸು ಬಿಕ್ಕಿದಳು. ಅವಳ ಹಿಂದೆ ಮತ್ತೊಬ್ಬಳು. ಹುಲಿಗೆವ್ವ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಹೇಗೋ ಹಾಡು ಮುಗಿಸಿದಳು.

ಆಟ ಮುಗಿದು ಜನ ಎದ್ದು ಹೋದರು. ಅವಳು ಗೊಂಬೆಯನ್ನು ತೊಡೆಯ ಮೇಲೆ ಹಾಕಿಕೊಂಡು ನೋಡಿದಳು. ಗದ್ದದ ಹತ್ತಿರ ಜೋಳದ ಕಾಳಿನಷ್ಟು ತೂತು, ಸುತ್ತ ಕಪ್ಪು. ಹೆದರಿ ಅಜ್ಜನ ಕಾಲು ಹಿಡಿದಳು.

"ಹೊಸಾಕೀನ್ನ ಮೊದಲನೇ ದಿನಾನ ಸುಟ್ಟುಬಿಟ್ಟೆರಿ ಅಜ್ಜ. ನನಗೆ ಪೆಟಿಗಿ ಕೊಡಬ್ಯಾಡ್ರಿ. ನನ್ನ ಕೈ ಸುಮಾರ ಐತಿ."

ಅಜ್ಜ ಗೊಂಬೆ ತೆಗೆದುಕೊಂಡ. ಹಣೆಯಿಂದ ಕೆಳಗೆ ಬೆರಳಾಡಿಸುತ್ತ ಬಂದ. ಕೆನ್ನೆ ದಾಟಿ, ಗದ್ದದ ಹತ್ತಿರ ಬೆರಳು ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು.

ಆಮೇಲೆ ಪೆಟ್ಟಿಗೆಯನ್ನು ಮೆಲ್ಲಗೆ ಅವಳ ಕಡೆ ನೂಕಿದ.

"ಸೂಜಿದಾರ ತಗೊಂಡು ಕುಂದ್ರವ್ವ. ತೇಪಿ ಹಾಕೋದು ಹೇಳಿಕೊಡ್ತೀನಿ."