ಕಂಬಳಿ ಎಂಬ ಮಾತನ್ನು ಕೊಂಡವನು

“ಗುರುಗಳೇ, ಜನ ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ಕೊಳ್ಳುವವರು ಮಾತ್ರ ಒಬ್ಬರೂ ಇಲ್ಲ. ಯಾಕೆ ಹೀಗೆ?”

ಕೇಳಿದವನು ಕೊಟ್ರೇಶ. ಮಠದ ಹಿಂದಿನ ಓಣಿಯವನು. ಗುರುಗಳ ಮುಂದೆ ಕೂತು ಅಕ್ಷರ ತಿದ್ದಿದವನು, ಈಗ ಮೂವತ್ತು ದಾಟಿದ್ದಾನೆ. ಗುರುಗಳು ಎಳೆ ಬಿಸಿಲಿಗೆ ಬೆನ್ನು ಕೊಟ್ಟು ಜಗಲಿಯ ಮೇಲೆ ಕೂತಿದ್ದರು.

“ಅಂಗಡಿ ಇಟ್ಟೆಯೇನು?” ಎಂದರು.

“ಅಂಗಡಿ ಎಲ್ಲಿಯದು ಗುರುಗಳೇ, ಎಲ್ಲಾ ಇದರಲ್ಲೇ,” ಎಂದು ಕೊಟ್ರೇಶ ಫೋನು ಎತ್ತಿ ತೋರಿಸಿದ.

ಅವನು ಮಾರಲು ಹೊರಟಿದ್ದು ಮನೆಯಲ್ಲೇ ಹಿಟ್ಟು ಬೀಸಿಕೊಳ್ಳುವ ಪುಟ್ಟ ಗಿರಣಿ. ಅದನ್ನು ಮಾಡುವುದು ದೂರದ ಒಂದು ಕಂಪನಿ. ಮಾರಿಸಿಕೊಟ್ಟರೆ ಗಿರಣಿಗೆ ಇಷ್ಟು ಎಂದು ಕೊಟ್ರೇಶನಿಗೆ ಕಮಿಷನ್. ಯಾರಾದರೂ ಫೋನಿನಲ್ಲಿ ‘ಹಿಟ್ಟಿನ ಗಿರಣಿ’ ಎಂದು ಬರೆದು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಇವನ ಜಾಹೀರಾತು ಕಾಣುತ್ತದೆ. ಅದನ್ನು ಒತ್ತಿದರೆ ಇವನ ಪುಟ ತೆರೆಯುತ್ತದೆ. ಒತ್ತಿದವರು ಕೊಳ್ಳಲಿ ಬಿಡಲಿ, ಒತ್ತಿದ್ದಕ್ಕೆ ಇವನ ದುಡ್ಡು ಹೋಗುತ್ತದೆ. ಒಂದು ತಿಂಗಳಿಂದ ಜನ ಒತ್ತುತ್ತಲೇ ಇದ್ದಾರೆ, ಗಿರಣಿ ಮಾತ್ರ ಒಂದೂ ಹೋಗಿಲ್ಲ.

“ಇನ್ನೊಂದು ತಿಂಗಳು ಹೀಗೇ ಆದರೆ ಬಿಟ್ಟು ಬಂದ ಸಿಮೆಂಟ್ ಅಂಗಡಿಗೇ ಹೋಗಿ ನಿಲ್ಲಬೇಕು ಗುರುಗಳೇ. ಆ ಸಾಹುಕಾರ ಒಂದು ಮಾತೂ ಆಡುವುದಿಲ್ಲ, ನಗುತ್ತಾನೆ. ಅದನ್ನು ನೆನೆಸಿಕೊಂಡರೆ ಅನ್ನ ಇಳಿಯುವುದಿಲ್ಲ.”

ಗುರುಗಳು ಒಂದು ಕಥೆ ಹೇಳತೊಡಗಿದರು.

ಘಾಟಿಯ ಬುಡದಲ್ಲಿ ಒಂದು ಊರು. ಮೂರು ದಾರಿ ಕೂಡುವ ಜಾಗ. ಅಲ್ಲೊಬ್ಬ ಕಂಬಳಿ ಮಾರುವವನಿದ್ದ. ಕಂಬಳಿ ಅವನು ನೇಯ್ದದ್ದಲ್ಲ. ಆಚೆ ಊರಿನ ನೇಯುವವರು ಅರವತ್ತು ಕಂಬಳಿ ತಂದು ಅವನ ಅಂಗಡಿಯಲ್ಲಿ ಪೇರಿಸಿ, ಮಾರಿದರೆ ನಿನಗೂ ಒಂದು ಪಾಲು ಎಂದು ಹೇಳಿ ಹೋಗಿದ್ದರು. ಹೋಗುವಾಗ ಅವರ ಹಿರಿಯ ಒಂದು ಷರತ್ತನ್ನೂ ಹಾಕಿದ್ದ. ಶಿವರಾತ್ರಿಯೊಳಗೆ ಅರ್ಧದಷ್ಟಾದರೂ ಹೋಗದಿದ್ದರೆ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತೇವೆ, ಮತ್ತೆ ನಿನ್ನ ಬಾಗಿಲು ತುಳಿಯುವುದಿಲ್ಲ ಎಂದಿದ್ದ.

ಅವರು ಕಂಬಳಿ ಹೊತ್ತುಕೊಂಡು ಹೋದರೆ ಇವನಿಗೆ ಗಾಣವೇ ಗತಿ. ಅಕ್ಕನ ಗಂಡನ ಎಣ್ಣೆಗಾಣದಲ್ಲಿ ಎಂಟು ವರ್ಷ ಎತ್ತಿನ ಹಿಂದೆ ಸುತ್ತಿದವನು ಅವನು. ಇನ್ನು ಸುತ್ತಲಾರೆ, ನನ್ನ ಕಾಲ ಮೇಲೆ ನಾನು ನಿಲ್ಲುತ್ತೇನೆ ಎಂದು ನಾಲ್ಕು ಜನರ ಮುಂದೆ ಹೇಳಿ ಎದ್ದು ಬಂದಿದ್ದ. ಈಗ ತಲೆ ತಗ್ಗಿಸಿಕೊಂಡು ಭಾವನ ಮುಂದೆ ಹೋಗಿ ನಿಲ್ಲುವುದೆಂದರೆ ಅವನಿಗೆ ಜೀವ ಹೋದಷ್ಟು ಸಂಕಟ.

ಆ ಊರಿನಲ್ಲಿ ಒಂದು ಛತ್ರವಿತ್ತು. ಅದನ್ನು ನೋಡಿಕೊಳ್ಳುವ ಮುದುಕನಿಗೆ ಗೊತ್ತಿಲ್ಲದ ಸಂಗತಿಯೇ ಇಲ್ಲ. ದಾರಿಹೋಕರೆಲ್ಲ ಅವನನ್ನೇ ಕೇಳುತ್ತಿದ್ದರು. ವೈದ್ಯ ಎಲ್ಲಿದ್ದಾನೆ, ಎತ್ತಿಗೆ ಲಾಳ ಹೊಡೆಯುವವನು ಎಲ್ಲಿ, ಒಳ್ಳೆಯ ಹುಲ್ಲು ಎಲ್ಲಿ ಸಿಗುತ್ತದೆ. ಕೇಳಿದವರಿಂದ ಮುದುಕ ಬಿಡಿಗಾಸು ಮುಟ್ಟುತ್ತಿರಲಿಲ್ಲ. ಯಾರ ಹೆಸರು ಹೇಳಿ ಕಳಿಸುತ್ತಿದ್ದನೋ ಅವರಿಂದ ತೆಗೆದುಕೊಳ್ಳುತ್ತಿದ್ದ. ತಲೆಗೆ ಒಂದು ಕಾಸು. ಹೋದವನು ಕೊಂಡರೂ ಒಂದು, ಕೊಳ್ಳದೆ ಬಂದರೂ ಒಂದು.

ಕಂಬಳಿಯವನು ಅವನ ಹತ್ತಿರ ಹೋದ. ಯಾರ ಬಾಯಲ್ಲಿ ಕಂಬಳಿ ಎಂಬ ಮಾತು ಬಂದರೂ ಸರಿ, ಹಿಂದೆ ಮುಂದೆ ನೋಡದೆ ನನ್ನ ಅಂಗಡಿಗೆ ಅಟ್ಟಿಬಿಡು ಅಂದ. ಮುದುಕ ಆಗಲಿ ಎಂದು ತಲೆಯಾಡಿಸಿದ. ಅವನದೇನು ಹೋಗಬೇಕು!

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವುದರೊಳಗೆ ಅಂಗಡಿಯ ಮುಂದೆ ಜನ. ಕಂಬಳಿಯವನಿಗೆ ಹಿಗ್ಗೋ ಹಿಗ್ಗು. ಗಲ್ಲದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದವನನ್ನು ಮೊದಲು ಒಳಗೆ ಕರೆದ. ಅವನು ಹಿಂದಿನ ದಿನ ಛತ್ರದಲ್ಲಿ ಮಲಗಿ ಕಂಬಳಿ ಕಳೆದುಕೊಂಡವನು, ಸಿಕ್ಕಿದೆಯೇ ಎಂದು ಕೇಳಲು ಬಂದಿದ್ದ. ಎರಡನೆಯವನು ತನ್ನ ಕಂಬಳಿಯ ತೂತಿಗೆ ತೇಪೆ ಹಾಕಿಸಬೇಕೆಂದ. ಮೂರನೆಯವಳು ಹಳೆಯದೊಂದನ್ನು ತಂದಿದ್ದಳು, ಇದಕ್ಕೆ ಎಷ್ಟು ಕೊಡುತ್ತೀಯಪ್ಪ ಎಂದಳು. ಇನ್ನೊಬ್ಬನಿಗೆ ಬೆಲೆ ಮಾತ್ರ ಬೇಕಾಗಿತ್ತು. ಅವನ ಷಡ್ಡಕ ಮೂರು ರೂಪಾಯಿಗೆ ಕಂಬಳಿ ತಂದೆ ಎಂದು ಜಂಬ ಕೊಚ್ಚಿದ್ದನಂತೆ, ಅದು ನಿಜವೋ ಸುಳ್ಳೋ ತಿಳಿದುಕೊಂಡು ಹೋಗಲು ಎರಡು ಮೈಲಿ ನಡೆದು ಬಂದಿದ್ದ. ಹೊತ್ತು ಮುಳುಗುವವರೆಗೆ ಹದಿನೇಳು ಜನ ಬಂದರು. ಹದಿನೇಳು ಕಾಸು ಛತ್ರಕ್ಕೆ ಹೋಯಿತು.

ನಾಲ್ಕು ದಿನ ಹೀಗೇ ಆಯಿತು. ಕಂಬಳಿಯವನು ಕೂತು ಯೋಚಿಸಿದ. ಬರುವವರು ಸಾಲದು, ಇನ್ನೂ ಹೆಚ್ಚು ಜನ ಬಂದರೆ ಅವರಲ್ಲಿ ಯಾರಾದರೂ ಕೊಂಡೇ ಕೊಳ್ಳುತ್ತಾರೆ ಅನ್ನಿಸಿತು. ಛತ್ರಕ್ಕೆ ಹೋಗಿ ಮತ್ತೆ ಮೂರು ಮಾತು ಸೇರಿಸಿ ಬಂದ. ಚಳಿ ಎಂದವರನ್ನೂ ಕಳಿಸು, ಉಣ್ಣೆ ಎಂದವರನ್ನೂ ಕಳಿಸು, ಕುರಿ ಎಂದವರನ್ನೂ ಕಳಿಸು.

ಚಳಿ ಎಂದವನು ಬಂದ, ಪಾಪ. ಚಳಿಜ್ವರ ಬಂದು ಗಡಗಡ ನಡುಗುತ್ತಿದ್ದವನು ವೈದ್ಯನ ಮನೆ ಇದೇ ಎಂದುಕೊಂಡು ಅಂಗಡಿಯಲ್ಲೇ ಮಲಗಿಬಿಟ್ಟ. ಕಂಬಳಿಯವನು ಹೊಸ ಕಂಬಳಿಯನ್ನೇ ಹೊದಿಸಿ ಅವನನ್ನು ವೈದ್ಯನ ಮನೆಗೆ ಮುಟ್ಟಿಸಿ ಬರಬೇಕಾಯಿತು. ಕುರಿ ಎಂದವನು ಇನ್ನೂ ಜೋರು. ಅವನ ಎರಡು ಕುರಿ ಕಾಣೆಯಾಗಿದ್ದವು. ಮುದುಕ ಇಲ್ಲಿಗೆ ಕಳಿಸಿದ್ದಾನೆ ಅಂದಮೇಲೆ ಕುರಿ ಇಲ್ಲೇ ಇರಬೇಕೆಂದು, ಎಲ್ಲಿ ಕಟ್ಟಿದ್ದೀಯೋ ತೋರಿಸು ಎಂದು ಜಗಳಕ್ಕೇ ನಿಂತ.

ಕೊಟ್ರೇಶ ತಡೆಯಲಾರದೆ ನಕ್ಕುಬಿಟ್ಟ. “ಎಂಥ ದಡ್ಡ ಗುರುಗಳೇ ಅವನು!”

“ಇರು ಇರು, ಅವನ ದಡ್ಡತನ ಇನ್ನೂ ಮುಗಿದಿಲ್ಲ,” ಎಂದರು ಗುರುಗಳು.

ಸಂಕ್ರಾಂತಿ ಕಳೆಯಿತು. ಮಾರಿದ್ದು ಎರಡೇ ಕಂಬಳಿ, ಅದೂ ನೆಂಟರು ಮುಖ ನೋಡಿ ಕೊಂಡದ್ದು. ಒಂದು ದಿನ ಭಾವನೇ ಅಂಗಡಿಯ ಮುಂದೆ ಹಾದುಹೋದ. ಪೇರಿಸಿಟ್ಟ ಕಂಬಳಿಗಳನ್ನು ನೋಡಿ, ಎತ್ತು ಮೊನ್ನೆಯಿಂದ ನಿನ್ನನ್ನೇ ಕೇಳುತ್ತಿದೆಯಪ್ಪಾ ಎಂದು ಹೇಳಿ ನಕ್ಕುಕೊಂಡು ಹೋದ. ಕಂಬಳಿಯವನಿಗೆ ಮೈಯೆಲ್ಲ ಉರಿಯಿತು. ಆ ಉರಿಯನ್ನು ಹೊತ್ತುಕೊಂಡು ನೇರ ಛತ್ರಕ್ಕೆ ನಡೆದ.

“ನನಗೆ ಮೋಸ ಮಾಡಿದೆ ಅಜ್ಜಾ. ಕೊಳ್ಳದವರನ್ನೇ ಹುಡುಕಿ ಹುಡುಕಿ ಕಳಿಸುತ್ತಿದ್ದೀಯ.”

ಮುದುಕನಿಗೆ ಸಿಟ್ಟು ಬರಲಿಲ್ಲ. “ನೀನು ಹೇಳಿದ ಮಾತು ಆಡಿದವರನ್ನು ಕಳಿಸಿದೆ. ಅವರಿಗೆ ಏನು ಬೇಕು ಅಂತ ನೀನು ಕೇಳಿರಲಿಲ್ಲ, ನಾನೂ ಹೇಳಲಿಲ್ಲ. ನಂಬಿಕೆ ಇಲ್ಲದಿದ್ದರೆ ನಾಳೆ ಬಂದು ಇಲ್ಲಿ ಕೂತುಕೋ. ಆದರೆ ಬಾಯಿ ತೆಗೆಯಬಾರದು. ನನ್ನ ಜಗಲಿಯ ಮೇಲೆ ವ್ಯಾಪಾರ ನಡೆಯಕೂಡದು.”

ಮರುದಿನ ಅವನು ಅಂಗಡಿಗೆ ಬೀಗ ಹಾಕಿ ಹೋಗಿ ಕೂತ. ಬೆಳಗಿನಿಂದ ಬೈಗಿನವರೆಗೆ ಕೂತ. ಮಾರುವವನು ಮಾತಾಡದೆ ಕೂರುವುದು ಸುಲಭವಲ್ಲ ನೋಡು. ಹತ್ತು ಸಲ ಬಾಯಿ ತೆಗೆಯಲು ಹೋದ, ಹತ್ತು ಸಲವೂ ಮುದುಕ ಕಣ್ಣು ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಒಂದು ವಿಷಯ ತಿಳಿಯಿತು. ಕಂಬಳಿ ಎಂದು ಬಾಯಿಬಿಟ್ಟು ಹೇಳುವವರ ಹತ್ತಿರ ಆಗಲೇ ಒಂದು ಕಂಬಳಿ ಇರುತ್ತದೆ. ಅದು ಹರಿದಿದೆ, ಕಳೆದಿದೆ, ಕೊಳೆಯಾಗಿದೆ, ಅಷ್ಟೇ.

ಇಲ್ಲದವರು ಆ ಮಾತನ್ನೇ ಎತ್ತುತ್ತಿರಲಿಲ್ಲ. ಕೆಳಗಿನ ಸೀಮೆಯಿಂದ ಉಪ್ಪಿನ ಗಾಡಿ ಹೊಡೆದುಕೊಂಡು ಬರುವವರು, ಮೊದಲ ಸಲ ಘಾಟಿ ಹತ್ತುವವರು, ಮೈಮೇಲೆ ಒಂದು ಪಂಚೆ, ಹೆಗಲಲ್ಲಿ ಒಂದು ಟವೆಲು. ಅವರು ಕೇಳುತ್ತಿದ್ದದ್ದೇ ಬೇರೆ. ಮೇಲೆ ಈಗ ಹೇಗಿದೆ? ಮಂಜು ಬೀಳುತ್ತದೆಯೇ? ಬಯಲಲ್ಲೇ ಮಲಗಬಹುದೇ? ಹೊದೆಯಲು ಗೋಣಿ ಸಾಕಾಗುತ್ತದೆಯೇ? ಮುದುಕ ಅವರಿಗೆಲ್ಲ, ಬೆಂಕಿ ಹಾಕಿಕೊಳ್ಳಿ, ಹುಷಾರು ಎಂದಷ್ಟೇ ಹೇಳಿ ಕಳಿಸುತ್ತಿದ್ದ. ಅವರು ತಲೆ ಕೆರೆದುಕೊಳ್ಳುತ್ತಾ ಗಾಡಿ ಹತ್ತಿ ಹೋಗುತ್ತಿದ್ದರು. ಕಂಬಳಿಯವನ ಕಣ್ಣೆದುರಿಗೇ ಅಂಥ ಐದು ಗಾಡಿ ಹೋದವು.

ಸಂಜೆ ಏಳುವಾಗ ಅವನು ಹಳೆಯ ಮಾತುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡ. ಮೇಲೆ ಚಳಿ ಹೇಗಿದೆ ಎಂದು ಕೇಳುವ ಉಪ್ಪಿನ ಗಾಡಿಯವರನ್ನು ಮಾತ್ರ ಕಳಿಸು ಅಂದ. ದಿನಕ್ಕೆ ಐದಾರು ಜನ ಕೂಡ ಆಗುವುದಿಲ್ಲ, ನನಗೇನು ಗಿಟ್ಟುತ್ತದೆ ಎಂದು ಮುದುಕ ಮುಖ ಗಂಟಿಕ್ಕಿದ. ತಲೆಗೆ ಎರಡು ಕಾಸು ಎಂದಮೇಲೆ ಒಪ್ಪಿದ.

ಮರುದಿನ ಆರು ಜನ ಬಂದರು. ಆರು ಜನರೂ ಬರಿಗೈಯಲ್ಲಿ ಹೋದರು.

“ಯಾಕೆ?” ಎಂದು ಕೊಟ್ರೇಶ ಮುಂದಕ್ಕೆ ಬಾಗಿದ.

ಯಾಕೆಂದರೆ ಅವನು ಉಳಿದ ಕಂಬಳಿಗಳನ್ನೆಲ್ಲ ಬಿಡಿಸಿ ಹರವಿದ್ದ. ಇದು ಕರಿ ಅಂಚಿನದು, ಇದು ಬಿಳಿ ಅಂಚಿನದು, ಈ ಉಣ್ಣೆ ಇಂಥ ಕುರಿಯದು, ಇದನ್ನು ನೇಯ್ದವರ ಅಜ್ಜ ಇಂಥವನು ಎಂದು ಪುರಾಣ ಬಿಚ್ಚಿದ್ದ. ಗಾಡಿಯವರಿಗೆ ಹೊತ್ತು ಏರುವ ಮೊದಲು ಘಾಟಿ ಹತ್ತುವ ಅವಸರ. ಅವರು ಆಕಾಶ ನೋಡಿದರು, ಎತ್ತು ನೋಡಿದರು, ಬರುತ್ತೇವಪ್ಪ ಎಂದು ಎದ್ದರು. ಅವರಲ್ಲಿ ಹಿರಿಯನೊಬ್ಬ ಮಾತ್ರ ಹೊಸ್ತಿಲಲ್ಲಿ ನಿಂತ.

“ಇದನ್ನು ಹೊದ್ದು ನೀನು ಮೇಲೆ ಮಲಗಿದ್ದೀಯಾ?” ಎಂದ.

ಕಂಬಳಿಯವನು ಮೇಲೆ ಒಂದು ರಾತ್ರಿಯೂ ಮಲಗಿರಲಿಲ್ಲ. ಗಾಣದ ಮನೆಯ ಕಾವಿನಲ್ಲಿ ಎಂಟು ವರ್ಷ ಮಲಗಿದವನು ಅವನು. ಹೌದು ಎಂದುಬಿಡಬಹುದಿತ್ತು, ಅಲ್ಲಿ ಸಾಕ್ಷಿ ಯಾರೂ ಇರಲಿಲ್ಲ. ಆದರೆ ಹೇಳಲಾಗಲಿಲ್ಲ. ಮುದುಕನ ಜಗಲಿಯ ಮೇಲೆ ಒಂದು ದಿನ ಕೂತು ಎದ್ದವನಿಗೆ ಸುಳ್ಳು ಅಷ್ಟು ಸಲೀಸಾಗಿ ಬರುವುದಿಲ್ಲವೇನೋ, ನನಗೆ ಗೊತ್ತಿಲ್ಲ. ಮೇಲಿನದೊಂದು ಕಂಬಳಿ ಎಳೆದುಕೊಂಡು, ಬಾಗಿಲು ಹಾಕಿ, ಅದೇ ಗಾಡಿ ಹತ್ತಿ ಅವರ ಜೊತೆಯಲ್ಲೇ ಹೋದ.

ಮೂರು ದಿನ ಬಿಟ್ಟು ಇಳಿದು ಬಂದ. ಮೂಗು ಸೋರುತ್ತಿತ್ತು, ಗಂಟಲು ಕಟ್ಟಿತ್ತು, ಕಾಲು ಒಡೆದಿತ್ತು. ಬಂದವನೇ ಹರವಿದ್ದನ್ನೆಲ್ಲ ಮಡಿಸಿ ಒಳಗಿಟ್ಟ. ಮುಂದೆ ಒಂದೇ ಕಂಬಳಿ ಇಟ್ಟುಕೊಂಡು ಕೂತ. ಗಾಡಿಯವರು ಬಂದರೆ ಹೇಳುವುದು ನಾಲ್ಕೇ ಮಾತು. ಎರಡು ಮಡಿಕೆ ಮಾಡಿ ಹೊದೆ, ಒಂದು ಮಡಿಕೆ ಸಾಲದು. ಮೊದಲು ಚುಚ್ಚುತ್ತದೆ, ಒಳಗೆ ಪಂಚೆ ಇರಲಿ. ಮಂಜಿಗೆ ನೆನೆದರೆ ಭಾರವಾಗುತ್ತದೆ, ಆದರೆ ಮೈಗೆ ನೀರು ಬಿಡುವುದಿಲ್ಲ. ಕಾಲು ಹೊರಗೆ ಬಿಡಬೇಡ, ನಾನು ಬಿಟ್ಟು ಕೆಟ್ಟೆ. ಹೀಗೆ ಹೇಳಿ ತನ್ನ ಹಿಮ್ಮಡಿ ತೋರಿಸುತ್ತಿದ್ದ. ಹಗಲಲ್ಲೇ ಘಾಟಿ ದಾಟುವವನು ಬಂದರೆ, ನಿನಗೆ ಬೇಡ, ಸುಮ್ಮನೆ ಹೋಗು ಎನ್ನುತ್ತಿದ್ದ. ಹಾಗೆ ಹೋದವನು ಮೇಲೆ ಮಲಗುವ ಇನ್ನೊಬ್ಬನಿಗೆ ಕಂಬಳಿಯವನ ಹೆಸರು ಹೇಳುತ್ತಿದ್ದ. ಅದಕ್ಕೆ ಛತ್ರಕ್ಕೆ ಕಾಸು ಕೊಡಬೇಕಾಗಿರಲಿಲ್ಲ.

ಬರುವವರು ದಿನಕ್ಕೆ ಐದೋ ಆರೋ. ಅದರಲ್ಲಿ ಇಬ್ಬರು ಮೂವರು ಕೊಳ್ಳುತ್ತಿದ್ದರು. ಕೆಲವು ದಿನ ಒಬ್ಬನೂ ಕೊಳ್ಳುತ್ತಿರಲಿಲ್ಲ, ಅದೂ ಇತ್ತು.

ಶಿವರಾತ್ರಿಯ ಹಿಂದಿನ ದಿನ ನೇಯುವವರ ಹಿರಿಯ ಬಂದ. ಉಳಿದಿದ್ದವು ಹತ್ತೊಂಬತ್ತು ಕಂಬಳಿ. ಅವನು ಹೊಗಳಲಿಲ್ಲ, ತೆಗಳಲಿಲ್ಲ. ಮುಂದಿನ ಚಳಿಗೆ ನೂರು ತರುತ್ತೇನೆ, ಜಾಗ ಮಾಡಿಟ್ಟಿರು ಎಂದು ಹೇಳಿ ಹೋದ. ಭಾವ ಗಾಣಕ್ಕೆ ಬೇರೆ ಆಳನ್ನು ನೋಡಿಕೊಂಡ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿದಿತ್ತು.

ಕೊಟ್ರೇಶನ ಮುಖ ಅರಳಿತ್ತು. ಬಂದಾಗಿನ ಸಂಕಟವೆಲ್ಲ ಹೋಗಿ ಮೈಯಲ್ಲಿ ಚುರುಕು ಬಂದಿತ್ತು.

“ತಿಳಿಯಿತು ಗುರುಗಳೇ, ಎಲ್ಲಾ ತಿಳಿಯಿತು! ನಾನು ಹಾಕಿದ ಮಾತೇ ತಪ್ಪು. ಹಿಟ್ಟಿನ ಗಿರಣಿ ಎಂದು ಹುಡುಕುವವರಿಗೆ ಬೇಕಾಗಿರುವುದು ಹತ್ತಿರದಲ್ಲಿ ಬೀಸಿಕೊಡುವ ಅಂಗಡಿ, ಅಷ್ಟೇ. ಅದು ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ನೋಡಲು ಬರುತ್ತಾರೆ, ನನ್ನ ದುಡ್ಡು ತಿಂದು ಹೋಗುತ್ತಾರೆ. ಅದನ್ನು ಈಗಲೇ ತೆಗೆದುಹಾಕುತ್ತೇನೆ.”

ಅಲ್ಲೇ ಫೋನು ತೆರೆದು ಅದನ್ನು ತೆಗೆದೂ ಹಾಕಿದ. ಆ ಜಾಗ ಖಾಲಿಯಾಯಿತು. ಹೊಸದಾಗಿ ಬರೆಯಲು ಬೆರಳು ಇಟ್ಟವನು, ಏನು ಬರೆಯಬೇಕೆಂದು ತೋಚದೆ ತಲೆ ಎತ್ತಿದ.

“ಮನೆಗೆ ಗಿರಣಿ ಬೇಕು ಅನ್ನಿಸುವವರು ಏನಂತ ಹುಡುಕುತ್ತಾರೆ ಗುರುಗಳೇ? ನೀವೇ ಒಂದು ಮಾತು ಹೇಳಿಬಿಡಿ, ಅದನ್ನೇ ಹಾಕುತ್ತೇನೆ.”

ಗುರುಗಳು ಅವನನ್ನು ನೋಡಿದರು.

“ವಾರಕ್ಕೊಮ್ಮೆ ಜೋಳದ ಡಬ್ಬಿ ತಲೆಯ ಮೇಲೆ ಹೊತ್ತು ಊರಾಚೆಯ ಗಿರಣಿಗೆ ಹೋಗುವ ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡು, ಭಿಕ್ಷೆಯ ರೊಟ್ಟಿ ತಿನ್ನುವ ನನ್ನನ್ನು ಕೇಳಲು ಬಂದೆಯಲ್ಲೋ ತಮ್ಮಾ!”